ಕೆಂಭಾವಿಯಿಂದ ಬೆಳಕಿನ ಪ್ರಯೋಗಶಾಲೆಗೆ

ಪದವಿಯ ಕೊನೆಯ ಪರೀಕ್ಷೆಯನ್ನು ಬರೆದು ಸುರಪುರದಿಂದಲೋ ಶಹಾಪುರದಿಂದಲೋ ಊರಿಗೆ ಮರಳುವ ಕೆಂಭಾವಿಯ ವಿದ್ಯಾರ್ಥಿಯನ್ನು ಬಸ್ಸಿನಿಂದ ಇಳಿಯುವ ಮೊದಲೇ ಎದುರುಗೊಳ್ಳುವ ಪ್ರಶ್ನೆಯೊಂದುಂಟು: ‘ಬಿ.ಎಸ್ಸಿ. ಮುಗೀತಲ್ಲಪಾ, ಇನ್ನ ಬಿ.ಇಡಿ.ಗೆ ಹೋಗತಿಯೇನು?’ ಕೇಳುವವರ ಹಿತಚಿಂತನೆಯಲ್ಲಿ ಸಂದೇಹವಿಲ್ಲ. ಅಧ್ಯಾಪನವು ಆದರಣೀಯವಾದ ವೃತ್ತಿಯೆಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ಪ್ರಯೋಗಶಾಲೆಯ ಕತ್ತಲಕೋಣೆಯಲ್ಲಿ ಸೋಡಿಯಂ ದೀಪದ ಹಳದಿ ಗೆರೆಗಳನ್ನು ರೋಹಿತಮಾಪಕದ ಅಡ್ಡಗೂದಲಿಗೆ ತಂದು ನಿಲ್ಲಿಸಿ, ಈ ಗೆರೆ ಇಲ್ಲಿಯೇ ಏಕೆ ನಿಂತಿತೆಂದು ಒಮ್ಮೆಯಾದರೂ ಬೆರಗಾದ ಹುಡುಗನಿಗೆ ಅಥವಾ ಹುಡುಗಿಗೆ, ಆ ಬೆರಗನ್ನೇ ಬಾಳಿನ ಕೆಲಸವನ್ನಾಗಿ ಮಾಡಿಕೊಳ್ಳುವ ದಾರಿಯೂ ಇದೆಯೆಂದು ಹೇಳುವವರು ನಮ್ಮ ಸೀಮೆಯಲ್ಲಿ ವಿರಳ. ದಾರಿ ಇಲ್ಲದೆ ಇರುವುದರಿಂದಲ್ಲ, ದಾರಿಯ ಮೊದಲ ನಾಲ್ಕು ಹೆಜ್ಜೆಗಳು ತಿಳಿಯದೆ ಇರುವುದರಿಂದಲೇ ಬಹುಮಂದಿ ಹಿಂದುಳಿಯುತ್ತಾರೆ.

ಆ ಹೆಜ್ಜೆಗಳನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಇದರಲ್ಲಿ ಹೇಳಬೇಕಾದ ಮುಖ್ಯ ಮಾತೊಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಸ್ಥೆಯನ್ನು ಹುಡುಕುವ ಮೊದಲು ಪ್ರಶ್ನೆಯನ್ನು ಹುಡುಕಿಕೊಳ್ಳಿರಿ. ಆ ಪ್ರಶ್ನೆಗೆ ಸಂಬಂಧಿಸಿದ ಒಂದಾದರೂ ಅಳತೆಯನ್ನು ನಿಮ್ಮ ಕೈಯಿಂದಲೇ ಮಾಡಿ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿರಿ. ಅಳತೆಯನ್ನು ಕೈಯಲ್ಲಿ ಹಿಡಿದು ಬಂದವನಿಗೂ ಬರಿಯ ಆಸೆಯನ್ನು ಹಿಡಿದು ಬಂದವನಿಗೂ ಇರುವ ಅಂತರವನ್ನು ಯಾವ ವಿಜ್ಞಾನಿಯೂ ಒಂದು ಕ್ಷಣದಲ್ಲಿ ಗುರುತಿಸಬಲ್ಲನು.

ಮೊದಲು ತಿಳಿಯಬೇಕಾದದ್ದು

ಬೆಳಕು ಅಖಂಡವಾದ ಪ್ರವಾಹದಂತೆ ಕಂಡರೂ, ಪದಾರ್ಥದೊಡನೆ ಕೊಡುಕೊಳ್ಳುವ ವ್ಯವಹಾರದಲ್ಲಿ ಅದು ಬಿಡಿಬಿಡಿ ಕಣಗಳಾಗಿ ವರ್ತಿಸುತ್ತದೆಂದು ಐನ್‌ಸ್ಟೈನ್ 1905ರಲ್ಲಿ ಪ್ರತಿಪಾದಿಸಿದರು. ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸರು 1924ರಲ್ಲಿ ಆ ಕಣಗಳನ್ನು ಎಣಿಸತಕ್ಕ ಹೊಸ ಕ್ರಮವನ್ನು ಕಂಡು ಐನ್‌ಸ್ಟೈನರಿಗೆ ಬರೆದು ಕಳುಹಿಸಿದರು. ‘ಫೋಟಾನ್’ ಎಂಬ ಹೆಸರು 1926ರಲ್ಲಿ ಬಳಕೆಗೆ ಬಂದಿತು. ಎರಡೇ ವರ್ಷಗಳ ಅನಂತರ, 1928ರ ಫೆಬ್ರವರಿ 28ರಂದು, ಸಿ. ವಿ. ರಾಮನ್ನರು ಕಲ್ಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಗುರುತಿಸಿದರು. ಅವರು 1933ರಲ್ಲಿ ಬೆಂಗಳೂರಿಗೆ ಬಂದು, 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದ್ದರಿಂದ, ಬೆಳಕಿನ ಅಧ್ಯಯನವು ಕನ್ನಡನಾಡಿಗೆ ಪರಕೀಯವಾಗಿ ಉಳಿಯಲಿಲ್ಲ. ಅದೇ ಸಂಸ್ಥೆಯಲ್ಲಿ ಎಸ್. ಪಂಚರತ್ನಂ ಎಂಬ ತರುಣರು 1956ರಲ್ಲಿ ಧ್ರುವೀಕೃತ ಬೆಳಕಿನ ಬಗ್ಗೆ ಕಂಡುಕೊಂಡ ತತ್ತ್ವವು ಇಂದು ಜಗತ್ತಿನಲ್ಲೆಲ್ಲ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 1240 ಎಂಬ ಸಂಖ್ಯೆಯನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಒಂದು ಫೋಟಾನಿನ ಶಕ್ತಿಯು ಎಲೆಕ್ಟ್ರಾನ್ ವೋಲ್ಟಿನಲ್ಲಿ ದೊರೆಯುತ್ತದೆ. 650 ನ್ಯಾನೋಮೀಟರಿನ ಕೆಂಪು ಬೆಳಕಿಗೆ ಅದು ಸುಮಾರು 1.9. ಪೇಟೆಯಲ್ಲಿ ಸಿಗುವ ಒಂದು ಮಿಲಿವ್ಯಾಟಿನ ಕೆಂಪು ಲೇಸರ್ ದೀಪವು ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಮಿಕ್ಕ ಫೋಟಾನುಗಳನ್ನು ಚೆಲ್ಲುತ್ತದೆ. ಇಷ್ಟು ಹೇರಳವಾಗಿ ಇರುವಾಗ ಒಂದೊಂದನ್ನು ಎಣಿಸುವ ಅಗತ್ಯವೇ ಬೀಳದು. ದೂರದ ನಕ್ಷತ್ರದಿಂದಲೋ ಒಂದೇ ಅಣುವಿನಿಂದಲೋ ಬರುವ ಕ್ಷೀಣವಾದ ಬೆಳಕಿನಲ್ಲಾದರೋ ಎಣಿಕೆಯೇ ಸರ್ವಸ್ವ. ಆ ಎಣಿಕೆಗೊಂದು ನಿಯಮವುಂಟು: ನೂರು ಫೋಟಾನುಗಳನ್ನು ಎಣಿಸಿದರೆ ಹತ್ತರಷ್ಟು ಅನಿಶ್ಚಿತತೆ, ಹತ್ತು ಸಾವಿರವನ್ನು ಎಣಿಸಿದರೆ ನೂರರಷ್ಟು, ಅಂದರೆ ನೂರಕ್ಕೆ ಹತ್ತು ಇದ್ದ ದೋಷವು ನೂರಕ್ಕೆ ಒಂದಕ್ಕೆ ಇಳಿಯುತ್ತದೆ. ನಿಖರತೆಯು ಹತ್ತುಪಟ್ಟಾಗಬೇಕಾದರೆ ಎಣಿಕೆಯು ನೂರುಪಟ್ಟಾಗಬೇಕು. ಬೆಳಕಿನ ಸಂಶೋಧನೆಯಲ್ಲಿ ಚುರುಕುಬುದ್ಧಿಗಿಂತ ಸಹನೆಗೆ ಮೊದಲ ಮಣೆ ಏಕೆಂಬುದು ಇದರಿಂದಲೇ ವಿಶದವಾಗುತ್ತದೆ.

ಪ್ರಶ್ನೆಗಳು ನಮ್ಮ ನೆಲದಲ್ಲಿಯೇ ಉಂಟು

ಫೋಟಾನ್ ಸಂಶೋಧನೆಯೆಂದರೆ ಭೌತಶಾಸ್ತ್ರದವರಿಗೆ ಮಾತ್ರ ಮೀಸಲಾದದ್ದೆಂಬ ಭಾವನೆಯನ್ನು ಬಿಡಿರಿ. ಮುಟ್ಟದೆಯೇ ಅಳೆಯಬೇಕಾದ ಎಲ್ಲ ಶಾಸ್ತ್ರಗಳೂ ಬೆಳಕಿನ ಮೊರೆಹೊಗುತ್ತವೆ. ಆದಕಾರಣ ರಸಾಯನ, ಜೀವ, ಭೂ ಮತ್ತು ಪುರಾತತ್ತ್ವ ಶಾಸ್ತ್ರಗಳ ವಿದ್ಯಾರ್ಥಿಗಳಿಗೂ ಇಲ್ಲಿ ಬಾಗಿಲು ತೆರೆದಿದೆ. ಕೆಂಭಾವಿಯ ಸುತ್ತಿನಿಂದಲೇ ಮೂರು ನಿದರ್ಶನಗಳನ್ನು ಕೊಡುತ್ತೇನೆ.

ಮೊದಲನೆಯದು, ನೆರೆಯ ಹುಣಸಗಿ–ಬೈಚಬಾಳ ಕಣಿವೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹಲವು ದಶಕಗಳ ಕಾಲ ಶೋಧಿಸಿದ ಈ ಕಣಿವೆಯ ಇಸಾಂಪುರದಲ್ಲಿ ಆದಿಮಾನವನು ಸುಣ್ಣಕಲ್ಲಿನಿಂದ ಆಯುಧಗಳನ್ನು ಕೆತ್ತಿದ ತಾಣವು ದೊರೆಯಿತು. ಅದರ ಕಾಲವು ಸುಮಾರು ಹನ್ನೆರಡು ಲಕ್ಷ ವರ್ಷಗಳಷ್ಟು ಹಿಂದಿನದೆಂಬ ನಿರ್ಣಯಕ್ಕೆ ಆಧಾರವಾದದ್ದು, ಅಲ್ಲಿಯೇ ದೊರೆತ ಪ್ರಾಣಿಗಳ ಹಲ್ಲಿನ ಎನಾಮಲ್. ನೆಲದೊಳಗಿನ ಸಹಜ ವಿಕಿರಣವು ಯುಗಯುಗಾಂತರಗಳಲ್ಲಿ ಆ ಎನಾಮಲಿನೊಳಗೆ ಎಲೆಕ್ಟ್ರಾನುಗಳನ್ನು ಸೆರೆಹಿಡಿದು ಇಟ್ಟಿರುತ್ತದೆ. ಅದನ್ನು ಕಾಂತಕ್ಷೇತ್ರದಲ್ಲಿಟ್ಟು ಸೂಕ್ಷ್ಮತರಂಗದ ಫೋಟಾನುಗಳನ್ನು ಹಾಯಿಸಿದಾಗ, ಅದು ಹೀರಿಕೊಳ್ಳುವ ಪ್ರಮಾಣದಿಂದ ಸೆರೆಯ ಅವಧಿಯನ್ನು ಗಣಿಸುತ್ತಾರೆ. ನಮ್ಮ ಹೊಲದ ಬದಿಯ ಕಲ್ಲಾಯುಧಗಳ ವಯಸ್ಸನ್ನು ಹೇಳಿದ್ದು ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕೇ.

ಎರಡನೆಯದು, ಸುರಪುರ ಸೀಮೆಯ ಕಿರದಳ್ಳಿ ತಾಂಡಾ. ಮಂಗಳೂರೆಂಬ ಹೆಸರಿನ ಹಳೆಯ ಚಿನ್ನದ ಗಣಿಯ ಹತ್ತಿರವಿರುವ ಈ ತಾಂಡಾದ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಷವಿರುವುದು ಕಂಡುಬಂದು, ಜನರ ಚರ್ಮದ ಮೇಲೆ ಅದರ ಲಕ್ಷಣಗಳು ದಾಖಲಾದವು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕಿನ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಇಷ್ಟು ಅಲ್ಪವಾದದ್ದನ್ನು ತಕ್ಕಡಿಯು ತೂಗಲಾರದು. ಆದರೆ ಆರ್ಸೆನಿಕ್ ಪರಮಾಣುವು 193.7 ನ್ಯಾನೋಮೀಟರಿನ ನೇರಳಾತೀತ ಬೆಳಕನ್ನು ಆರಿಸಿ ಹೀರುತ್ತದೆಯಾದ್ದರಿಂದ, ಎಷ್ಟು ಬೆಳಕು ಮಾಯವಾಯಿತೆಂಬ ಲೆಕ್ಕದಿಂದ ವಿಷದ ಲೆಕ್ಕವು ಸಿಗುತ್ತದೆ. ಇದು ರಸಾಯನದ ವಿದ್ಯಾರ್ಥಿಗೆ ಒಪ್ಪುವ ಕೆಲಸ.

ಮೂರನೆಯದು, ನಮ್ಮ ಬಿಸಿಲು. ಸಿಲಿಕಾನ್ ಸೌರಫಲಕವು ತನ್ನ ಎಲೆಕ್ಟ್ರಾನುಗಳನ್ನು ಬಿಡಿಸಲು ಕನಿಷ್ಠ 1.1 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿಯ ಫೋಟಾನನ್ನು ಬೇಡುತ್ತದೆ. ಅದಕ್ಕಿಂತ ಕಡಮೆಯದು ವ್ಯರ್ಥ, ಹೆಚ್ಚಿನದರಲ್ಲಿ ಮಿಕ್ಕ ಭಾಗವು ಬರಿಯ ಶಾಖ. ಹತ್ತಿ, ತೊಗರಿಗಳ ಹಂಗಾಮಿನಲ್ಲಿ ಏಳುವ ಧೂಳು ಈ ಲೆಕ್ಕವನ್ನು ಹೇಗೆ ಕೆಡಿಸುತ್ತದೆಂಬುದು ದೂರದ ಊರಿನವರು ಕುಳಿತು ಉತ್ತರಿಸತಕ್ಕ ಪ್ರಶ್ನೆಯಲ್ಲ, ಇಲ್ಲಿಯವರೇ ಅಳೆಯಬೇಕಾದದ್ದು.

ಎಲ್ಲೆಲ್ಲಿ ಯಾವ ಕೆಲಸ ನಡೆಯುತ್ತದೆ

1. ಕಲಬುರಗಿ: 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ, ಕ್ಷಕಿರಣ ಮತ್ತು ಗಾಮಾ ಫೋಟಾನುಗಳು ಪದಾರ್ಥವನ್ನು ಹಾಯುವಾಗ ಎಷ್ಟು ಕುಗ್ಗುತ್ತವೆಂಬ ಅಳತೆಯ ಕೆಲಸವು ನಡೆದುಬಂದಿದೆ. ವೈದ್ಯಕೀಯ ಚಿತ್ರಣಕ್ಕೂ ವಿಕಿರಣದ ರಕ್ಷಾಕವಚಕ್ಕೂ ಈ ಅಂಕಿಗಳೇ ತಳಹದಿ. ಅದೇ ಜಿಲ್ಲೆಯ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ.

2. ಧಾರವಾಡ, ಮಣಿಪಾಲ, ಮಂಗಳೂರು: ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಲೇಸರ್ ರೋಹಿತವಿಜ್ಞಾನ ಮತ್ತು ವರ್ಣದ್ರವ್ಯಗಳ ಪ್ರತಿದೀಪ್ತಿ, ಮಣಿಪಾಲದ ಪರಮಾಣು–ಅಣು ಭೌತಶಾಸ್ತ್ರ ವಿಭಾಗದಲ್ಲಿ ಬೆಳಕಿನಿಂದ ರೋಗಪತ್ತೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕ.

3. ಬೆಂಗಳೂರು: ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಶೀತಲ ಪರಮಾಣುಗಳ ಹಾಗೂ ಬಿಡಿ ಫೋಟಾನುಗಳ ಪ್ರಯೋಗಗಳು. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದ, ಕ್ಷಕಿರಣಗಳ ಧ್ರುವೀಕರಣವನ್ನು ಅಳೆಯುವ ಪೋಲಿಕ್ಸ್ ಉಪಕರಣವು ರೂಪುಗೊಂಡದ್ದು ಅಲ್ಲಿಯೇ. ಭಾರತೀಯ ಖಭೌತ ಸಂಸ್ಥೆಯು ಸಿದ್ಧಪಡಿಸಿದ ಉಪಕರಣವು 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ–ಎಲ್1 ನೌಕೆಯಲ್ಲಿದ್ದು ಸೂರ್ಯನ ಪ್ರಭಾವಲಯವನ್ನು ನೋಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯು, 2023ರಲ್ಲಿ 6,003.65 ಕೋಟಿ ರೂಪಾಯಿಗಳ ಅಂದಾಜಿನೊಡನೆ ಅಂಗೀಕೃತವಾದ ರಾಷ್ಟ್ರೀಯ ಕ್ವಾಂಟಂ ಅಭಿಯಾನದ ನಾಲ್ಕು ಕೇಂದ್ರಗಳಲ್ಲೊಂದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪದಾರ್ಥವಿಜ್ಞಾನ ಮತ್ತು ರಸಾಯನದ ಕಡೆಯ ಕೆಲಸ.

4. ಪುಣೆ: ಖಗೋಳವಿಜ್ಞಾನದ ಅಂತರವಿಶ್ವವಿದ್ಯಾಲಯ ಕೇಂದ್ರವಾದ ಐಯುಕಾ. ನಮ್ಮೂರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಖಭೌತವಿಜ್ಞಾನಿ ಅಜಿತ್ ಕೆಂಭಾವಿಯವರು 2009ರಿಂದ 2015ರವರೆಗೆ ಅದರ ನಿರ್ದೇಶಕರಾಗಿದ್ದರೆಂಬುದನ್ನು ನಮ್ಮ ಮಕ್ಕಳು ಅವಶ್ಯವಾಗಿ ತಿಳಿಯತಕ್ಕದ್ದು.

5. ಇಂದೂರು: ರಾಜಾ ರಾಮಣ್ಣ ಕೇಂದ್ರದ ಇಂಡಸ್–1 ಮತ್ತು ಇಂಡಸ್–2 ಎಂಬ ಸಿಂಕ್ರೊಟ್ರಾನ್ ಬೆಳಕಿನ ಆಕರಗಳು. ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಮಾದರಿಗಳನ್ನು ಒಯ್ದು ಅಲ್ಲಿ ಅಳೆಯುವ ವ್ಯವಸ್ಥೆಯಿದೆ. ಕೇಂದ್ರಕ್ಕೆ ಹೆಸರು ಕೊಟ್ಟ ರಾಜಾ ರಾಮಣ್ಣನವರು ಕನ್ನಡಿಗರು, ತುಮಕೂರು ಜಿಲ್ಲೆಯವರು.

ಯಾದಗಿರಿ ನಿಲ್ದಾಣದಲ್ಲಿ ನಿಲ್ಲುವ ಉದ್ಯಾನ್ ಎಕ್ಸ್‌ಪ್ರೆಸ್ ಗಾಡಿಯೊಂದೇ ಒಂದು ದಿಕ್ಕಿಗೆ ಪುಣೆಯನ್ನೂ ಮತ್ತೊಂದು ದಿಕ್ಕಿಗೆ ಬೆಂಗಳೂರನ್ನೂ ಮುಟ್ಟಿಸುತ್ತದೆಯೆಂಬುದನ್ನು ನೆನೆದರೆ, ದೂರವು ನಾವು ಭಾವಿಸಿದಷ್ಟು ದುರ್ಗಮವಲ್ಲ.

ಏರಬೇಕಾದ ಮೆಟ್ಟಿಲುಗಳು

1. ಪಿ.ಯು.ಸಿ. ಹಂತ. ದ್ವಿತೀಯ ಪಿ.ಯು.ಸಿ.ಯಲ್ಲಿ ಮೇಲಿನ ಸ್ತರದ ಅಂಕಗಳನ್ನು ಪಡೆದು ಮೂಲವಿಜ್ಞಾನದ ಪದವಿಗೆ ಸೇರುವವರಿಗೆ, ವರ್ಷಕ್ಕೆ 80,000 ರೂಪಾಯಿಗಳ ಇನ್‌ಸ್ಪೈರ್ ವಿದ್ಯಾರ್ಥಿವೇತನವನ್ನು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಏರ್ಪಡಿಸಿದೆ. ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಂಡು ಅರ್ಜಿ ಹಾಕತಕ್ಕದ್ದು.

2. ಪದವಿಯ ಮೊದಲ ವರ್ಷ. ಗಣಿತವನ್ನು ಬಿಡಬೇಡಿರಿ. ಕಲನಶಾಸ್ತ್ರ, ಸದಿಶಗಳು, ಸಂಕೀರ್ಣ ಸಂಖ್ಯೆಗಳು, ಇವುಗಳ ಜೊತೆಗೆ ಪೈಥಾನಿನಂಥ ಒಂದು ಗಣಕಭಾಷೆ: ಇವಿಷ್ಟೂ ಬೆಳಕಿನ ಶಾಸ್ತ್ರದ ಅಕ್ಷರಮಾಲೆ. ಎನ್‌ಪಿಟಿಇಎಲ್ ಪಾಠಗಳೂ, ಭಾರತೀಯ ವಿಜ್ಞಾನ ಅಕಾಡೆಮಿಯು 1996ರಿಂದ ಹೊರಡಿಸುತ್ತಿರುವ ‘ರೆಸೊನೆನ್ಸ್’ ಪತ್ರಿಕೆಯೂ ಬೆಲೆಯಿಲ್ಲದೆ ದೊರೆಯುತ್ತವೆ.

3. ಎರಡನೆಯ ಮತ್ತು ಮೂರನೆಯ ವರ್ಷ. ಬೇಸಿಗೆಯ ರಜೆಯನ್ನು ಪ್ರಯೋಗಶಾಲೆಯಲ್ಲಿ ಕಳೆಯಿರಿ. ಬೆಂಗಳೂರು, ದೆಹಲಿ, ಪ್ರಯಾಗರಾಜಗಳ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಶಿಷ್ಯವೃತ್ತಿಯು ಎರಡು ತಿಂಗಳ ಕಾಲ ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸಮಾಡುವ ಅವಕಾಶವನ್ನು ಕೊಡುತ್ತದೆ. ಇದಕ್ಕೆ ಅಧ್ಯಾಪಕರೂ ಅರ್ಜಿ ಹಾಕಬಹುದೆಂಬುದನ್ನು ನಮ್ಮ ಕಾಲೇಜುಗಳು ಗಮನಿಸುವುದು ಒಳ್ಳೆಯದು. ಜಕ್ಕೂರಿನ ಕೇಂದ್ರಕ್ಕೂ ಐಯುಕಾಕ್ಕೂ ರಾಮನ್ ಸಂಸ್ಥೆಗೂ ಪ್ರತ್ಯೇಕವಾದ ವಿದ್ಯಾರ್ಥಿ ಕಾರ್ಯಕ್ರಮಗಳುಂಟು. ಅರ್ಜಿಯ ಕಾಲವು ಬೇಸಿಗೆಗೆ ಬಹು ಮುಂಚೆಯೇ, ಹೆಚ್ಚಾಗಿ ಚಳಿಗಾಲದಲ್ಲಿಯೇ, ಮುಗಿದುಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ವಿಚಾರಿಸುವವನು ತೇರು ಹೋದ ಮೇಲೆ ಜಾತ್ರೆಗೆ ಬಂದವನಂತೆ.

4. ಪದವಿಯ ಅನಂತರ. ಜಾಮ್ ಎಂಬ ಪರೀಕ್ಷೆಯು ಫೆಬ್ರವರಿಯಲ್ಲಿ ನಡೆಯುತ್ತದೆ. ಅರ್ಜಿಯು ಅದಕ್ಕೆ ಹಿಂದಿನ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಇದರಿಂದ ಐಐಟಿಗಳ ಎಂ.ಎಸ್ಸಿ.ಗೂ, ಭಾರತೀಯ ವಿಜ್ಞಾನ ಸಂಸ್ಥೆಯ ಸಮಗ್ರ ಪಿಎಚ್.ಡಿ.ಗೂ ಪ್ರವೇಶ ದೊರೆಯುತ್ತದೆ. ಬಿ.ಎಸ್ಸಿ. ಪದವೀಧರನು ನೇರವಾಗಿ ಪಿಎಚ್.ಡಿ.ಯ ದಾರಿಯನ್ನು ಹಿಡಿಯಬಹುದೆಂಬುದು ನಮ್ಮಲ್ಲಿ ಬಹುಜನರಿಗೆ ತಿಳಿಯದ ಸಂಗತಿ.

5. ಎಂ.ಎಸ್ಸಿ.ಯ ಅನಂತರ. ಜೆಸ್ಟ್ ಪರೀಕ್ಷೆಯು ರಾಮನ್ ಸಂಶೋಧನಾ ಸಂಸ್ಥೆ, ಖಭೌತ ಸಂಸ್ಥೆ ಮೊದಲಾದವುಗಳಿಗೆ ದ್ವಾರ. ಸಿಎಸ್ಐಆರ್ ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಶಿಷ್ಯವೃತ್ತಿಯನ್ನು ಪಡೆದವರಿಗೆ, 2023ರಲ್ಲಿ ಪರಿಷ್ಕೃತವಾದ ದರದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ ಹಿರಿಯ ಶಿಷ್ಯವೃತ್ತಿಯಲ್ಲಿ 42,000 ರೂಪಾಯಿ. ‘ಇನ್ನೂ ಎಷ್ಟು ವರ್ಷ ಓದುತ್ತೀ, ಮನೆ ನಡೆಯುವುದು ಹೇಗೆ?’ ಎಂದು ಕೇಳುವ ತಂದೆತಾಯಿಗಳಿಗೆ ಹೇಳಬೇಕಾದ ಅಂಕಿ ಇದೇ. ಸಂಶೋಧನೆಯಲ್ಲಿ ಓದುವುದೂ ದುಡಿಯುವುದೂ ಜೊತೆಯಾಗಿಯೇ ಸಾಗುತ್ತವೆ.

6. 371(ಜೆ) ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ ಈ ಅನುಚ್ಛೇದದ ಮೇರೆಗೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನಗಳ ಮೀಸಲಾತಿಯುಂಟು. ಎಂ.ಎಸ್ಸಿ. ಪ್ರವೇಶದಲ್ಲಿ ಇದರ ಬೆಲೆ ದೊಡ್ಡದು. ಆದರೆ ಐಐಟಿ, ಭಾರತೀಯ ವಿಜ್ಞಾನ ಸಂಸ್ಥೆಗಳಂಥ ಕೇಂದ್ರದ ಸಂಸ್ಥೆಗಳಲ್ಲಿ ಇದು ನಡೆಯದು. ಅಲ್ಲಿ ಪರೀಕ್ಷೆಯ ಬಲವೂ, ಕೇಂದ್ರದ ನಿಯಮದಂತೆ ಇರುವ ಮೀಸಲಾತಿಯೂ ಮಾತ್ರ ನಡೆಯುತ್ತವೆ.

ಊರಿನಲ್ಲಿಯೇ ಮಾಡಬಹುದಾದ ಮೂರು ಅಳತೆಗಳು

1. ಹಳೆಯ ಸಿ.ಡಿ.ಯಿಂದ ತರಂಗಾಂತರ. ಸಿ.ಡಿ.ಯ ಮೇಲಿನ ಗೆರೆಗಳ ನಡುವಣ ಅಂತರ 1,600 ನ್ಯಾನೋಮೀಟರ್. ಅಷ್ಟು ಒತ್ತೊತ್ತಾದ ಗೆರೆಗಳ ಮೇಲೆ ಬಿದ್ದ ಬೆಳಕು ನಿರ್ದಿಷ್ಟ ಕೋನಗಳಲ್ಲಿ ಮಾತ್ರ ತನ್ನನ್ನು ತಾನು ಬಲಪಡಿಸಿಕೊಳ್ಳುತ್ತದೆಯಾದ್ದರಿಂದ, ಕೋನವನ್ನು ಅಳೆದರೆ ತರಂಗಾಂತರವು ದೊರೆಯುತ್ತದೆ. ಲೇಸರ್ ದೀಪವನ್ನು ಸಿ.ಡಿ.ಗೆ ಲಂಬವಾಗಿ ಹಾಯಿಸಿ, ಒಂದು ಮೀಟರ್ ದೂರದ ಗೋಡೆಯ ಮೇಲೆ ನಡುವಣ ಚುಕ್ಕೆಯಿಂದ ಮೊದಲ ಚುಕ್ಕೆಗೆ ಇರುವ ಅಂತರವನ್ನು ಅಳೆಯಿರಿ. 650 ನ್ಯಾನೋಮೀಟರಿನ ಕೆಂಪು ಬೆಳಕಿಗೆ ಕೋನವು ಸುಮಾರು 24 ಡಿಗ್ರಿ, ಅಂತರವು ಸುಮಾರು 44 ಸೆಂಟಿಮೀಟರ್ ಬರಬೇಕು. ಹತ್ತು ಬಾರಿ ಅಳೆದು, ಹತ್ತನ್ನೂ ಬರೆದು, ಸರಾಸರಿಯನ್ನೂ ಹರಹನ್ನೂ ಲೆಕ್ಕಹಾಕಿರಿ.

2. ಬಣ್ಣದ ಎಲ್‌ಇಡಿಗಳಿಂದ ಪ್ಲಾಂಕ್ ಸ್ಥಿರಾಂಕ. ಎಲ್‌ಇಡಿಯು ಮಿನುಗತೊಡಗುವ ವೋಲ್ಟೇಜು ಅದು ಹೊರಸೂಸುವ ಫೋಟಾನಿನ ಶಕ್ತಿಗೆ ಹತ್ತಿರವಾಗಿರುತ್ತದೆ. 630 ನ್ಯಾನೋಮೀಟರಿನ ಕೆಂಪಿಗೆ ಅದು ಎರಡು ವೋಲ್ಟಿನ ಸುತ್ತ, 470ರ ನೀಲಿಗೆ ಎರಡೂವರೆಗೂ ಮೇಲೆ. ನಾಲ್ಕು ಬಣ್ಣಗಳ ವೋಲ್ಟೇಜನ್ನು ಆವೃತ್ತಿಯ ಎದುರು ಗುರುತಿಸಿ ಸರಳರೇಖೆಯನ್ನು ಎಳೆದರೆ, ಅದರ ಓಟವನ್ನು ಎಲೆಕ್ಟ್ರಾನಿನ ವಿದ್ಯುದಂಶದಿಂದ ಗುಣಿಸಿದಾಗ ಪ್ಲಾಂಕ್ ಸ್ಥಿರಾಂಕವು ಸ್ಥೂಲವಾಗಿ ದೊರೆಯುತ್ತದೆ. ಗ್ರಂಥದಲ್ಲಿರುವ 6.626ಕ್ಕೆ ನಿಮ್ಮ ಉತ್ತರವು ಕೂಡದಿದ್ದರೆ ಮರುಗಬೇಡಿರಿ. ಏಕೆ ಕೂಡಲಿಲ್ಲವೆಂಬ ಒಂದು ಪುಟದ ವಿಚಾರವೇ ಸಂಶೋಧನೆಯ ಮೊದಲ ಪಾಠ.

3. ಧೂಳಿನ ಲೆಕ್ಕ. ಒಂದೇ ಅಳತೆಯ ಎರಡು ಚಿಕ್ಕ ಸೌರಫಲಕಗಳನ್ನು ಮಾಳಿಗೆಯ ಮೇಲೆ ಒಂದೇ ವಾಲಿನಲ್ಲಿ ಇಟ್ಟು, ಒಂದನ್ನು ದಿನವೂ ಒರೆಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ವಾರಕ್ಕೊಮ್ಮೆ ನಡುಹಗಲಿನಲ್ಲಿ ಎರಡರ ವಿದ್ಯುತ್ ಪ್ರವಾಹವನ್ನೂ ಅಳೆಯಿರಿ. ಸುಗ್ಗಿಗೆ ಮೊದಲು ಆರಂಭಿಸಿ ಮೊದಲ ಮಳೆಯವರೆಗೆ ನಡೆಸಿದರೆ, ಈ ಸೀಮೆಯದೇ ಆದ ಒಂದು ಅಂಕಿಪಟ್ಟಿಯು ನಿಮ್ಮ ಕೈಯಲ್ಲಿರುತ್ತದೆ.

ಉಪಕರಣಗಳಿಲ್ಲದ ಕಾಲೇಜುಗಳಿಗೆ, ದೆಹಲಿಯ ಅಂತರವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದವರು ರೂಪಿಸಿದ ಎಕ್ಸ್‌ಪೈಸ್ ಎಂಬ ಅಗ್ಗದ ಪ್ರಯೋಗಪೆಟ್ಟಿಗೆಯು ಬಹು ಉಪಯುಕ್ತ. ಅಂಗೈಯಗಲದ ಆ ಪೆಟ್ಟಿಗೆಯನ್ನು ಗಣಕಯಂತ್ರಕ್ಕೆ ಜೋಡಿಸಿ ವೋಲ್ಟೇಜನ್ನೂ ಕಾಲವನ್ನೂ ಸೂಕ್ಷ್ಮವಾಗಿ ಅಳೆಯಬಹುದು.

ವಿಜ್ಞಾನಿಗೆ ಪತ್ರ ಬರೆಯುವ ಬಗೆ

ವಿಜ್ಞಾನಿಗಳಿಗೆ ದಿನವೂ ಹಲವಾರು ಪತ್ರಗಳು ಬರುತ್ತವೆ. ಅವುಗಳಲ್ಲಿ ಬಹುಪಾಲು, ಹೆಸರೊಂದನ್ನು ಬದಲಾಯಿಸಿ ನೂರು ಮಂದಿಗೆ ಕಳುಹಿಸಿದಂಥವು. ನಿಮ್ಮ ಪತ್ರವು ಅವರಿಗಾಗಿಯೇ ಬರೆದದ್ದೆಂದು ಮೊದಲ ಸಾಲಿನಲ್ಲಿಯೇ ತಿಳಿಯುವಂತಿರಬೇಕು. ಆದ್ದರಿಂದ:

1. ಮೊದಲ ಖಂಡದಲ್ಲಿ ನೀವು ಯಾರು, ಎಲ್ಲಿ, ಏನು ಓದುತ್ತಿದ್ದೀರಿ: ಎರಡೇ ವಾಕ್ಯ.
2. ಎರಡನೆಯದರಲ್ಲಿ ಅವರ ಒಂದು ಲೇಖನವನ್ನು ಹೆಸರಿಸಿ, ಅದರಲ್ಲಿ ನಿಮಗೆ ಅರ್ಥವಾದದ್ದನ್ನೂ ಅರ್ಥವಾಗದ್ದನ್ನೂ ಹೇಳಿರಿ. ಆರ್ಕೈವ್ ಎಂಬ ಮುಕ್ತ ಭಂಡಾರದಲ್ಲಿ ಬಹಳಷ್ಟು ಲೇಖನಗಳು ಉಚಿತವಾಗಿ ದೊರೆಯುತ್ತವೆ.
3. ಮೂರನೆಯದರಲ್ಲಿ ನೀವು ಮಾಡಿದ ಒಂದು ಅಳತೆ, ಅದರ ಫಲ, ಅದರ ದೋಷ.
4. ಕೊನೆಗೆ ನಿಮಗೆ ಬೇಕಾದದ್ದು ಏನು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ.

ಎಲ್ಲವೂ ಒಂದೇ ಪುಟದಲ್ಲಿ ಮುಗಿಯಲಿ. ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ವಿನಯದಿಂದ ನೆನಪಿಸಿರಿ. ಆಮೇಲೂ ಬಾರದಿದ್ದರೆ ಬೇರೊಬ್ಬರಿಗೆ ಬರೆಯಿರಿ. ಮೌನವು ತಿರಸ್ಕಾರವಲ್ಲ, ಹೆಚ್ಚಾಗಿ ಬಿಡುವಿಲ್ಲದಿರುವಿಕೆ.

ಎಚ್ಚರಿಕೆಗಳು

ಲೇಸರ್ ದೀಪವನ್ನು ಯಾರ ಕಣ್ಣಿನತ್ತಲೂ ತಿರುಗಿಸಬಾರದು, ಸಿ.ಡಿ.ಯಂಥ ಹೊಳಪಿನ ಮೈಯಿಂದ ಚಿಮ್ಮಿದ ಕಿರಣವೂ ಅಷ್ಟೇ ಅಪಾಯಕರ. ಅಗ್ಗದ ಹಸಿರು ಲೇಸರುಗಳಿಂದ ಕಣ್ಣಿಗೆ ಕಾಣದ ಅವರಕ್ತ ಕಿರಣವೂ ಸೋರುವುದುಂಟಾದ ಕಾರಣ, ಕಲಿಕೆಗೆ ಒಂದು ಮಿಲಿವ್ಯಾಟಿನ ಕೆಂಪು ದೀಪವೇ ಯೋಗ್ಯ. ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ದುರ್ಬೀನಿನಿಂದಾಗಲಿ, ನೀರಿನ ಪ್ರತಿಬಿಂಬದಲ್ಲಾಗಲಿ ನೋಡಕೂಡದು.

ಹಣ ಕೊಟ್ಟರೆ ವಾರದೊಳಗೆ ನಿಮ್ಮ ಲೇಖನವನ್ನು ‘ಅಂತಾರಾಷ್ಟ್ರೀಯ’ ಪತ್ರಿಕೆಯಲ್ಲಿ ಅಚ್ಚುಹಾಕುವೆವೆನ್ನುವವರಿಂದ ದೂರವಿರಿ. ಅಂಥ ಪ್ರಕಟಣೆಯಿಂದ ಮುಂದೆ ಮಾನಹಾನಿಯೇ ಹೊರತು ಮನ್ನಣೆಯಿಲ್ಲ. ಬೇಸಿಗೆ ತರಬೇತಿಗೆಂದು ದೊಡ್ಡ ಶುಲ್ಕವನ್ನು ಕೇಳುವ ಮಧ್ಯವರ್ತಿಗಳನ್ನೂ ನಂಬಬೇಡಿರಿ. ಮೇಲೆ ಹೇಳಿದ ಪರೀಕ್ಷೆಗಳ ದಿನಾಂಕ, ವಯೋಮಿತಿ, ಶುಲ್ಕಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಆಯಾ ಸಂಸ್ಥೆಯ ಅಧಿಕೃತ ಪ್ರಕಟಣೆಯನ್ನು ನೋಡಿಯೇ ಮುಂದುವರಿಯತಕ್ಕದ್ದು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಉತ್ತರಕ್ಕೆ ಅಳತೆಯನ್ನು ಹೊಂದಿಸುವುದು. ನಮ್ಮ ಪ್ರಯೋಗಶಾಲೆಗಳಲ್ಲಿ ಹಳೆಯ ದಾಖಲೆ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಳ್ಳುವ ರೂಢಿಯುಂಟು. ವಿದ್ಯಾರ್ಥಿಯಾಗಿದ್ದಾಗ ನಾನೂ ಮಾಡಿದ್ದುಂಟು. ಪರೀಕ್ಷೆಯಲ್ಲಿ ಪೂರ್ಣಾಂಕವನ್ನು ತಂದುಕೊಟ್ಟ ಆ ಅಭ್ಯಾಸವೇ ಸಂಶೋಧನೆಯ ಬಾಗಿಲಲ್ಲಿ ಪರಮಶತ್ರುವಾಗಿ ನಿಲ್ಲುತ್ತದೆ.

2. ಆಂಗ್ಲಭಾಷೆಗೆ ಅಂಜುವುದು. ಈ ಪರೀಕ್ಷೆಗಳು ಕನ್ನಡದಲ್ಲಿ ಇರುವುದಿಲ್ಲವೆಂಬುದು ನಿಜ. ಆದರೆ ಪಾರಿಭಾಷಿಕ ಪದಗಳು ಕೆಲವು ನೂರರಷ್ಟೇ. ‘ವಿವರ್ತನೆ’, ‘ವ್ಯತಿಕರಣ’, ‘ಧ್ರುವೀಕರಣ’ ಎಂಬ ನಮ್ಮ ಪದಗಳ ಎದುರಿಗೆ ಇಂಗ್ಲಿಷ್ ಪದವನ್ನು ಬರೆದು ದಿನಕ್ಕೆ ಐದರಂತೆ ಕಲಿತರೆ ಒಂದು ಬೇಸಿಗೆಯಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಅರ್ಥಮಾಡಿಕೊಂಡದ್ದು ಗಟ್ಟಿಯಾಗಿ ನಿಲ್ಲುತ್ತದೆ, ಅದನ್ನು ಬಿಟ್ಟುಕೊಡಬೇಡಿರಿ.

3. ಹೆಸರಿನ ಬೆನ್ನುಹತ್ತುವುದು. ‘ಕ್ವಾಂಟಂ’ ಎಂಬ ಪದದ ಹೊಳಪಿಗೆ ಮರುಳಾಗಿ, ತನಗೆ ಪ್ರಿಯವಾದದ್ದು ಸಿದ್ಧಾಂತವೋ ಪ್ರಯೋಗವೋ ಎಂಬುದನ್ನೇ ವಿಚಾರಿಸದೆ ಸೇರುವವರು ನಡುದಾರಿಯಲ್ಲಿ ಬಳಲುತ್ತಾರೆ. ಮಾರ್ಗದರ್ಶಕರ ಸ್ವಭಾವವನ್ನೂ ಅವರ ಹಿಂದಿನ ವಿದ್ಯಾರ್ಥಿಗಳ ಅನುಭವವನ್ನೂ ವಿಚಾರಿಸಿ ಸೇರುವುದು ವಿವೇಕ.

4. ಒಂದೇ ಪರೀಕ್ಷೆಯನ್ನು ನಂಬಿ ಕುಳಿತಿರುವುದು. ಜಾಮ್, ಜೆಸ್ಟ್, ನೆಟ್ ಪರೀಕ್ಷೆಗಳಿಗೂ ಗೇಟ್ ಎಂಬ ಮತ್ತೊಂದು ಪರೀಕ್ಷೆಗೂ ಪಾಠಗಳು ಬಹುಮಟ್ಟಿಗೆ ಒಂದೇ. ಒಂದರ ಸಿದ್ಧತೆಯು ಇನ್ನೊಂದಕ್ಕೂ ಒದಗುತ್ತದೆ.

5. ಒಬ್ಬಂಟಿಯಾಗಿ ಓದುವುದು. ಕೆಂಭಾವಿಯಲ್ಲಿ ಒಬ್ಬ, ಹುಣಸಗಿಯಲ್ಲಿ ಒಬ್ಬ, ಸುರಪುರದಲ್ಲಿ ಇಬ್ಬರು ಸೇರಿ ವಾರಕ್ಕೊಮ್ಮೆ ಒಂದು ಲೆಕ್ಕವನ್ನು ಬಿಡಿಸಿದರೂ ಸಾಕು, ಅದೊಂದು ಗುರುಕುಲ.

ಬಾವಿಯ ತಳಕ್ಕೆ ಬಿಸಿಲು

ಕೆಂಭಾವಿಯೆಂಬ ಹೆಸರನ್ನು ಬಿಡಿಸಿದರೆ ಕೆಂಪು ಬಾವಿಯೆಂದಾಗುತ್ತದೆ. ಬೆಳಕಿನ ಅಳತೆಯ ಕಥೆಯಲ್ಲಿಯೂ ಪ್ರಸಿದ್ಧವಾದ ಬಾವಿಯೊಂದುಂಟು. ಎರಡು ಸಾವಿರ ವರ್ಷಗಳಿಗೂ ಹಿಂದೆ, ಈಜಿಪ್ಟಿನ ಸಯೀನ್ ಎಂಬ ಊರಿನಲ್ಲಿ ವರ್ಷಕ್ಕೊಂದು ದಿನ ನಡುಹಗಲಿನ ಬಿಸಿಲು ಬಾವಿಯ ತಳವನ್ನು ಮುಟ್ಟುತ್ತದೆಂಬ ವಾರ್ತೆಯನ್ನು ಕೇಳಿದ ಎರಟಾಸ್ತನೀಸನು, ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ಬಿದ್ದ ನೆರಳನ್ನು ಅಳೆದು ಭೂಮಿಯ ಸುತ್ತಳತೆಯನ್ನು ಗಣಿಸಿದನೆಂದು ಹೇಳುತ್ತಾರೆ.

ಅಂಥ ದಿನ ನಮಗೆ ವರ್ಷಕ್ಕೆ ಎರಡು. ಕೆಂಭಾವಿಯು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿರುವುದರಿಂದ, ಮೇ 6ರ ಆಸುಪಾಸಿನಲ್ಲಿಯೂ ಆಗಸ್ಟ್ 6ರ ಆಸುಪಾಸಿನಲ್ಲಿಯೂ ಸೂರ್ಯನು ನೇರವಾಗಿ ನೆತ್ತಿಗೆ ಬಂದು, ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲಿಯೇ ಅಡಗುತ್ತದೆ. ಆಗಸ್ಟಿನಲ್ಲಿ ಮೋಡದ ಕಾಟ; ಮೇ ತಿಂಗಳೇ ಲೇಸು. ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡು ಇಪ್ಪತ್ತರ ಹೊತ್ತಿಗೆ ನೋಡಿರಿ, ನಮ್ಮ ನಡುಹಗಲು ಅದೇ. ಬೆಂಗಳೂರಿನಲ್ಲಿರುವ ಗೆಳೆಯನೊಬ್ಬನು ಅದೇ ದಿನ ಅಲ್ಲಿಯ ನಡುಹಗಲಿನಲ್ಲಿ ಒಂದು ಮೀಟರಿನ ಕೋಲನ್ನು ನಿಲ್ಲಿಸಿದರೆ, ಅದರ ನೆರಳು ದಕ್ಷಿಣಕ್ಕೆ ಆರು ಸೆಂಟಿಮೀಟರಿನಷ್ಟು ಬೀಳುತ್ತದೆ. ಆ ನೆರಳಿನಿಂದ ಕೋನವನ್ನೂ, ನಕ್ಷೆಯಿಂದ ಎರಡೂ ಊರುಗಳ ಉತ್ತರ–ದಕ್ಷಿಣದ ಅಂತರವನ್ನೂ ತೆಗೆದುಕೊಂಡರೆ ಭೂಮಿಯ ಸುತ್ತಳತೆಯು ನಿಮ್ಮ ಟಿಪ್ಪಣಿ ಪುಸ್ತಕದ ಒಂದು ಪುಟದಲ್ಲಿ ಇಳಿಯುತ್ತದೆ. ಅದು ನಲವತ್ತು ಸಾವಿರ ಕಿಲೋಮೀಟರಿಗೆ ಎಷ್ಟು ಹತ್ತಿರ, ಎಷ್ಟು ದೂರವೆಂಬುದನ್ನು ತಿದ್ದದೆ ಹಾಗೆಯೇ ಬರೆದಿಡಿರಿ. ವಿಜ್ಞಾನಿಗೆ ಬರೆಯುವ ಪತ್ರದ ಮೂರನೆಯ ಖಂಡಕ್ಕೆ ಬೇಕಾದದ್ದು ಆ ಪುಟವೇ.